ಓದಿ ಬರೆದು ಸಗಣಿ ಬಾಚೋದಾ ಅಂತಾರೆ ಅಕ್ಕಾ!

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಪೇಟೆ ಬಿಟ್ಟು ಊರಿಗೆ ಬಂದು ತಮ್ಮ ಊಟ ತಾವೇ ಬೆಳ್ಕೊಂಡು ಇರೋರು, ಹಂಗೆ ಇರ್ಬೇಕು ಅಂತ ಆಸೆ ಇರೋರು, ಅವರನ್ನ ನೋಡಿ ತಲೆ ಚಚ್ಕೊಳ್ಳೋ ನೆಂಟರು. ಗಂಡ ಹೆಂಡತಿ ಜಗಳದ ಪತ್ರಗಳನ್ನ ಮುಂದಿನ ಸಂಚಿಕೆಗೆ ಇಟ್ಟಿದೀನಿ, ಬೇಜಾರು ಮಾಡ್ಕೋಬೇಡಿ, ಅಷ್ಟರಲ್ಲಿ ಕೆಲವು ತಾವೇ ಬಗೆಹರಿದಿರ್ತವೆ.

ಪ್ರಶ್ನೆ: ಅಕ್ಕಾ, ನಮ್ಮದು ಶಿರಸಿ ತಾಲೂಕಿನ ಹಳ್ಳಿ. ನಾನು, ನಮ್ಮನೆಯವರು ಇಬ್ಬರೂ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿ ಇದ್ವಿ, ಕೊರೋನಾ ಟೈಮಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದೋರು ಆಮೇಲೆ ವಾಪಸ್ ಹೋಗ್ಲೇ ಇಲ್ಲ. ಒಂದೆಕರೆ ಅಡಿಕೆ ತೋಟ, ಮನೆ ಹಿಂದೆ ತರಕಾರಿ, ಎರಡು ಮಲೆನಾಡು ಗಿಡ್ಡ ಹಸು, ಗೋಬರ್ ಗ್ಯಾಸು, ಬೆಟ್ಟದಿಂದ ತಾನೇ ಹರಿದು ಬರೋ ಅಬ್ಬಿ ನೀರು. ಫ್ರಿಜ್ ಇಟ್ಕೊಂಡಿಲ್ಲ. ಮಗಳು ಊರಿನ ಕನ್ನಡ ಶಾಲೆಗೆ ಹೋಗ್ತಾಳೆ. ನಮಗೆ ಇದ್ರಲ್ಲಿ ಖುಷಿ ಇದೆ, ಎಲ್ಲಾ ನಾವೇ ಬೆಳ್ಕೋತೀವಿ, ಏನೂ ಕೊಂಡ್ಕೊಳ್ಳಲ್ಲ. ಆದ್ರೆ ನೆಂಟರಿಗೆ ಅರ್ಥಾನೇ ಆಗಲ್ಲ. ಇದೇ ಮನೇಲಿ ಮೂವತ್ತು ವರ್ಷ ಸಂಸಾರ ಮಾಡಿದ ಅತ್ತೆ ಈಗ ಬೆಂಗಳೂರಲ್ಲಿ ಮಗಳ ಮನೇಲಿ ಇದಾರೆ, ಬಂದಾಗೆಲ್ಲ "ಓದಿ ಬರೆದು ಸಗಣಿ ಬಾಚೋದಾ" ಅಂತ ಕಣ್ಣಲ್ಲಿ ನೀರು ಹಾಕ್ತಾರೆ. ಚಿಕ್ಕಮಾವ ಯಾವ ಮದುವೆ ಮುಂಜಿಯಲ್ಲಿ ಸಿಕ್ಕಿದ್ರೂ "ಎಷ್ಟು ದಿನ ಈ ಆಟ" ಅಂತಾರೆ. ಇವರನ್ನ ಕಂಪನಿಯವರೇ ಕೆಲಸದಿಂದ ತೆಗೆದ್ರಂತೆ ಅಂತ ಬೇರೆ ಸುದ್ದಿ. ಮೇ ತಿಂಗಳಲ್ಲಿ ಮಾತ್ರ ಎಲ್ಲರೂ ಮಕ್ಕಳನ್ನ ಕರ್ಕೊಂಡು ಬಂದು ವಾರಗಟ್ಲೆ ಇದ್ದು, ಹೋಗ್ತಾ ಹಪ್ಪಳ, ಉಪ್ಪಿನಕಾಯಿ, ತುಪ್ಪ ಕಟ್ಕೊಂಡು ಹೋಗ್ತಾರೆ. ಇವರಿಗೆ ಅರ್ಥ ಮಾಡ್ಸೋದು ಹೇಗೆ?
ಹೆಸರು ಬೇಡ, ಶಿರಸಿ ತಾಲೂಕು

ಉತ್ತರ: ನೋಡೇ ತಂಗಿ, ನೆಂಟರಿಗೆ ಅರ್ಥ ಆಗಲ್ಲ ಅಂತೀಯಲ್ಲ, ಅದನ್ನೇ ನಾ ಒಪ್ಪಲ್ಲ. ಮೂರು ತಲೆಮಾರಿಂದ ಪೇಟೆಯಲ್ಲೇ ಇರೋ ಮನೆತನದಲ್ಲಿ ಯಾರೋ ಒಬ್ಬ ಹೋಮ್‌ಸ್ಟೆಡ್ಡಿಂಗ್, ಅಂದ್ರೆ ತನ್ನ ಊಟ ತಾನೇ ಬೆಳ್ಕೊಂಡು ಇರೋದು, ಅಂತ ಹೊರಟ್ರೆ ಅವನ ನೆಂಟರಿಗೆ ಅರ್ಥ ಆಗ್ದೇ ಇರಬಹುದು. ನಿನ್ನ ಅತ್ತೆಗೆ ಅರ್ಥ ಆಗ್ದೇ ಇರೋದು ಇದ್ರಲ್ಲಿ ಎಂತ ಇದೆ ಹೇಳು. ಬೆಳಗಿನ ಜಾವ ಎದ್ದು ಕೊಟ್ಟಿಗೆ, ಬೆಟ್ಟದಿಂದ ಸೊಪ್ಪಿನ ಹೊರೆ, ಬೇಸಿಗೆ ಪೂರ್ತಿ ದರಕು (ಉದುರಿದ ಒಣ ಎಲೆ) ಗುಡಿಸಿ ತುಂಬೋದು, ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು, ಅಡಿಕೆ ಕೊನೆ (ಗೊಂಚಲು) ಕೊಯ್ಲು ಬಂತು ಅಂದ್ರೆ ಆಳುಗಳಿಗೆಲ್ಲ ಅಡುಗೆ ಮಾಡಿ ಬಡಿಸಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋದು. ಕೊಳೆ ರೋಗ ಬಡಿದ ವರ್ಷ ಅಷ್ಟೂ ಮಾಡಿ ಕೈಗೆ ಸಿಕ್ಕಿದ್ದು ಅಷ್ಟರಲ್ಲೇ ಇದೆ. ನಮ್ಮ ಕಡೆ ಆ ವಯಸ್ಸಿನ ಹೆಂಗಸರನ್ನ ಯಾರನ್ನ ಬೇಕಾದ್ರೂ ಕೇಳು, ಇದೇ ಕತೆ ಹೇಳ್ತಾರೆ. ಆ ಕಷ್ಟ ಮಾಣಿಗೆ, ಅಂದ್ರೆ ನಿನ್ನ ಗಂಡಂಗೆ, ಬೇಡ ಅಂತ್ಲೇ ಅವನನ್ನ ಓದಿಸಿದ್ದು. ಅವರಿಗೆ ಈ ಬದುಕು ಪೂರ್ತಿ ಅರ್ಥ ಆಗಿದೆ, ಅದಕ್ಕೇ ಅಳೋದು.

ಹಾಗಾಗಿ ಮೊದಲು ಆ ಫ್ರಿಜ್ ವಿಷಯ. ಇಟ್ಕೋಬೇಡ, ನಿನ್ನಿಷ್ಟ, ತಂಬುಳಿ ಮಾಡಿ ಅವತ್ತವತ್ತೇ ಖಾಲಿ ಮಾಡೋ ಮನೆಗೆ ಫ್ರಿಜ್ ಇಲ್ದೇ ನಡೆಯತ್ತೆ. ಆದ್ರೆ ಅದನ್ನ ಅವರ ಮುಂದೆ ಹೆಮ್ಮೆಯಿಂದ ಹೇಳೋದು ಬಿಡು. ನಿನಗೆ ಬೇಡ ಅನ್ನಿಸಿದ ಸಾಮಾನಿಗೆ ಅವರು ಎಷ್ಟೋ ವರ್ಷ ಕಾದಿರ್ತಾರೆ, ಮಿಕ್ಸಿ ಬಂದ ದಿನ ಒರಳುಕಲ್ಲಿಗೆ ಕೈ ಮುಗಿದು ಪಕ್ಕಕ್ಕೆ ಇಟ್ಟಿರ್ತಾರೆ. ನೀನು ಬಂದು "ಒರಳಲ್ಲಿ ರುಬ್ಬಿದ್ರೆ ಟೇಸ್ಟೇ ಬೇರೆ ಅಲ್ವಾ ಅತ್ತೆ" ಅಂದ್ರೆ ಅವರಿಗೆ ಹೆಂಗಾಗ್ಬೇಡ.

ಎರಡನೇದು, "ಎಲ್ಲಾ ನಾವೇ ಬೆಳ್ಕೋತೀವಿ, ಏನೂ ಕೊಂಡ್ಕೊಳ್ಳಲ್ಲ" ಅಂತ ಬರ್ದಿದೀಯ. ಉಪ್ಪು? ಎಣ್ಣೆ? ಗೋಧಿ, ಸಕ್ಕರೆ, ಚಾಪುಡಿ, ಮೊಬೈಲ್ ಕರೆನ್ಸಿ, ಬೈಕಿಗೆ ಪೆಟ್ರೋಲು? ಒಂದೆಕರೆ ಅಡಿಕೆ ಇಟ್ಕೊಂಡು ಅಕ್ಕಿ ಎಲ್ಲಿಂದ ಬಂತು? ನೆಂಟರಿಗೆ ಇಂಥ ಮಾತು ತಕ್ಷಣ ವಾಸನೆ ಬರತ್ತೆ, ಒಂದು ಕಡೆ ಉತ್ಪ್ರೇಕ್ಷೆ ಕಂಡ್ರೆ ಉಳಿದದ್ದನ್ನೂ ನಂಬಲ್ಲ. ಗೋಬರ್ ಗ್ಯಾಸೇ ತಗೋ. ಒಂದು ಕೇಜಿ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಹುಟ್ಟತ್ತೆ, ಎರಡು ಗಿಡ್ಡ ಹಸು ಹಗಲೆಲ್ಲ ಮೇಯೋಕೆ ಹೋಗಿ ಬಂದ್ರೆ ಕೊಟ್ಟಿಗೇಲಿ ಸಿಗೋದು ಹೆಚ್ಚು ಅಂದ್ರೆ ಹತ್ತು ಹನ್ನೆರಡು ಕೇಜಿ ಸಗಣಿ. ಅಂದ್ರೆ ದಿನಕ್ಕೆ 400 ಲೀಟರ್ ಆಸುಪಾಸು ಗ್ಯಾಸು, ಸಿಲಿಂಡರ್ ಲೆಕ್ಕದಲ್ಲಿ 200 ಗ್ರಾಂ ಕೂಡ ಆಗಲ್ಲ. 14.2 ಕೇಜಿ ಸಿಲಿಂಡರು ತಿಂಗಳಿಗೊಂದು ಮುಗಿಸೋ ಮನೆಗೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಕೇಜಿ ಬೇಕು. ಚಾ, ಹಾಲು, ಒಂದು ಹೊತ್ತಿನ ಅನ್ನಕ್ಕೆ ಸಾಲ್ಬಹುದು, ಉಳಿದದ್ದಕ್ಕೆ ಕಟ್ಟಿಗೆ ಒಲೆ ಇಲ್ಲಾ ಸಿಲಿಂಡರು. ಇರೋದನ್ನ ಇದ್ದಂಗೆ ಹೇಳು, "ತಿಂಗಳಿಗೆ ಅರ್ಧಕ್ಕೆ ಸ್ವಲ್ಪ ಕಮ್ಮಿ ಸಿಲಿಂಡರ್ ಉಳೀತದೆ ಅತ್ತೆ, ಸ್ಲರಿ ತೋಟಕ್ಕೆ ಹೋಗತ್ತೆ" ಅಂದ್ರೆ ಅವರೇ ತಲೆ ಆಡಿಸ್ತಾರೆ.

ಈಗ ಅವರ ಹೆದರಿಕೆಗೆ ಬರೋಣ. ಸಗಣಿ ಅಂತ ಬಾಯಲ್ಲಿ ಬರತ್ತೆ, ಹೊಟ್ಟೇಲಿ ಇರೋದು ಆಸ್ಪತ್ರೆ ಮತ್ತೆ ದುಡ್ಡು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಸುಮ್ನೆ ಹೆದರಿಕೆ ಅಲ್ಲ ಕೂಡ. ದೊಡ್ಡ ಕಾಯಿಲೆ ಬಂದ್ರೆ ಶಿರಸಿಯವರು ಹುಬ್ಬಳ್ಳಿಗೆ 100 ಕಿಲೋಮೀಟರ್ ಓಡ್ಬೇಕು, ಕರಾವಳಿಯವರು ಮಣಿಪಾಲ, ಮಂಗಳೂರು, ಗೋವಾ ಅಂತ ಹೋಗ್ಬೇಕು, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯೇ ಕೂಗ್ತಿರೋದು ನಿನಗೂ ಗೊತ್ತು. ಕಂಪನಿ ಬಿಟ್ಟ ಮೇಲೆ ಕಂಪನಿ ಇನ್ಶೂರೆನ್ಸೂ ಹೋಯ್ತು. ಬೇರೆ ಮಾಡ್ಸಿದೀರಾ? ಮಾಡ್ಸಿಲ್ಲ ಅಂದ್ರೆ ಇದೇ ತಿಂಗಳು ಮಾಡ್ಸಿ, ಮಾಡ್ಸಿದ್ರೆ ಆ ಕಾರ್ಡನ್ನ ಅತ್ತೆಗೆ ತೋರ್ಸು. ಆಮೇಲೆ ಒಂದು ಲೆಕ್ಕದ ಪುಸ್ತಕ. ಅಡಿಕೆ ದುಡ್ಡು ಬರೋದು ವರ್ಷಕ್ಕೊಂದು ಸಲ, ಖರ್ಚು ವರ್ಷ ಪೂರ್ತಿ. ಮೈಲುತುತ್ತ, ಸುಣ್ಣ, ಔಷಧಿ ಹೊಡೆಯೋರ ಕೂಲಿ, ಮರ ಹತ್ತಿ ಕೊನೆ ಇಳಿಸೋ ಕೊನೆಗೌಡನ ಕೂಲಿ, ಹಿಂಡಿ, ಶಾಲೆ, ಮದುವೆ ಮನೆ ಉಡುಗೊರೆ ಎಲ್ಲಾ ಬರಿ. ಎಲೆಚುಕ್ಕಿ ರೋಗ ಬಂದ ಮೇಲಂತೂ ತೋಟ ಒಂದನ್ನೇ ನಂಬೋದು ಹೇಗೆ ಅಂತ ಹಳಬರೇ ಯೋಚ್ನೆ ಮಾಡ್ತಿದಾರೆ, ಆ ಯೋಚ್ನೆ ನೀವೂ ಮಾಡಿದೀರಿ ಅಂತ ಅವರಿಗೆ ಕಾಣ್ಬೇಕು. ಚಿಕ್ಕಮಾವಂಗೆ ತೋರ್ಸ್ಬೇಡ ಮಾರಾಯ್ತಿ, ಅವರು ಅದನ್ನ ಮುಂದಿನ ಮದುವೆಮನೇಲಿ ಓದ್ತಾರೆ. ಅತ್ತೆಗೆ ತೋರ್ಸು ಸಾಕು.

ಮತ್ತೆ ಅತ್ತೆಗೆ ನೀನು ಏನನ್ನೂ ಕಲಿಸೋಕೆ ಹೋಗ್ಬೇಡ, ಕೇಳು. ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕೋ ಮಾವಿನ ಮಿಡಿ) ಬರೋ ಹೊತ್ತಿಗೆ ಹದಿನೈದು ದಿನ ಬಂದಿರಿ ಅಂತ ಕರಿ. ಮಿಡಿಯ ತೊಟ್ಟು ಎಷ್ಟುದ್ದ ಬಿಟ್ಟು ಮುರೀಬೇಕು, ಸೊನೆ ಹೋಗ್ದಂಗೆ ಹೆಂಗೆ ಇಡ್ಬೇಕು, ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದೇ ಒಂದು ಸೇರಿದ್ರೂ ಭರಣಿ ಪೂರ್ತಿ ಹಾಳು ಅಂತ ಅದನ್ನ ಕೈಯಲ್ಲೇ ಒತ್ತಿ ನೋಡಿ ಆರ್ಸೋದು ಹೆಂಗೆ, ಒಂದು ಪದರ ಮಿಡಿ ಒಂದು ಪದರ ಹರಳುಪ್ಪು ಹಾಕಿ ಮೇಲೆ ಭಾರ ಇಟ್ಟು ಚಿರುಟಿದ ಮೇಲೆ ಆ ಉಪ್ಪುನೀರನ್ನ ಕುದಿಸಿ ಆರ್ಸಿ ಅದ್ರಲ್ಲೇ ಸಾಸಿವೆ ಖಾರ ಬೀಸೋದು ಯಾವಾಗ. ಇದು ಯೂಟ್ಯೂಬಲ್ಲಿ ಸಿಗತ್ತೆ ನಿಜ, ಆದ್ರೆ ನಿನ್ನ ಮನೆ ಮಾವಿನ ಮರದ ಮಿಡಿಗೆ ಎಷ್ಟು ಉಪ್ಪು ಬೇಕು ಅನ್ನೋದು ಆ ಮರದ ಮಿಡಿ ಮೂವತ್ತು ವರ್ಷ ಹಾಕಿದವರಿಗೇ ಗೊತ್ತು. ಆಗ ನೋಡು, ಸಗಣಿ ಮಾತು ಎಲ್ಲಿ ಹೋಗತ್ತೆ ಅಂತ. ಪೂರ್ತಿ ಹೋಗಲ್ಲ, ಕಮ್ಮಿ ಆಗತ್ತೆ.

ಮೇ ತಿಂಗಳ ನೆಂಟರಿಗೆ ಕೆಲಸ ಕೊಡು. ಹಲಸಿನ ತೊಳೆ ಬಿಡಿಸೋದು ಒಬ್ರು, ಬೇಯಿಸೋದು ಒಬ್ರು, ಕುಟ್ಟೋದು ಗಂಡಸರು, ಒತ್ತೋದು ಮಕ್ಕಳು, ಕಾಗೆ ಕಾಯೋದು ಚಿಕ್ಕಮಾವ. ಒತ್ತಿದೋರು ಹಪ್ಪಳ ಒಯ್ಯಲಿ, ಸಂತೋಷ. ತುಪ್ಪದ್ದು ಮಾತ್ರ ರೇಟು ಹೇಳು, ನಾಚ್ಕೋಬೇಡ. ಒಂದು ಕೇಜಿ ತುಪ್ಪಕ್ಕೆ 25ರಿಂದ 30 ಲೀಟರ್ ಹಾಲು ಬೇಕು, ಗಿಡ್ಡ ಹಸು ಕರುಗೆ ಬಿಟ್ಟು ಕೊಡೋದು ದಿನಕ್ಕೆ ಒಂದೂವರೆ ಎರಡು ಲೀಟರು, ಅದ್ರಲ್ಲಿ ಮಗಳಿಗೆ, ಚಾಕ್ಕೆ, ಮಜ್ಜಿಗೆಗೆ ಹೋಗಿ ಉಳಿದದ್ದು. ಇಷ್ಟನ್ನ ನಗ್ತಾ ನಗ್ತಾ ಒಂದು ಸಲ ಹೇಳು, ಬೆಂಗಳೂರಲ್ಲಿ ಗಿಡ್ಡ ಹಸುವಿನ ತುಪ್ಪಕ್ಕೆ ಎಷ್ಟು ಕೊಡ್ತಾರೆ ಅಂತ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ದುಡ್ಡು ಕೊಟ್ಟು ತಗೊಂಡ ಮೇಲೆ ಅದು ಆಟ ಅನ್ನಿಸೋದೂ ನಿಲ್ಲತ್ತೆ.

ಕೆಲಸದಿಂದ ತೆಗೆದ್ರು ಅನ್ನೋ ಸುದ್ದಿಗೆ ಉತ್ತರ ಕೊಡ್ಬೇಡ. ಮಗಳ ಶಾಲೆ ಬಗ್ಗೆ ನೆಂಟರು ಏನಾದ್ರೂ ಅಂದ್ರೆ ಮಾತ್ರ ಸಿಟ್ಟು ಮಾಡ್ಕೊಳ್ದೇ ಕೇಳು, ಈಗ ಊರ ಶಾಲೆ ಚೆನ್ನಾಗೇ ಇರತ್ತೆ, ಎಂಟನೇ ಕ್ಲಾಸಿಗೆ ಬಂದಾಗ ಬಸ್ಸು ಎಲ್ಲಿಂದ, ಮಳೆಗಾಲದಲ್ಲಿ ಹಳ್ಳ ದಾಟೋದು ಹೇಗೆ, ಅವಳಿಗೇ ಬೇರೆ ಏನಾದ್ರೂ ಬೇಕು ಅನ್ನಿಸಿದ್ರೆ ಏನು ಅನ್ನೋದು ನಿಮ್ಮಿಬ್ಬರ ಹತ್ರ ಇರ್ಬೇಕು. ಈ ಬದುಕು ಆರಿಸ್ಕೊಂಡಿದ್ದು ನೀವು, ಅವಳಲ್ಲ.

ಪ್ರಶ್ನೆ: ನಾನು ಕುಮಟಾ ಕಡೆಯವನು, ವಯಸ್ಸು 31. ಮುಂಬೈಲಿ ಕೆಲಸ ಬಿಟ್ಟು ಬಂದು ಅಪ್ಪನ ಗಜನಿ ಗದ್ದೆಯಲ್ಲಿ (ನದಿ ದಡದ ಉಪ್ಪುನೀರು ನುಗ್ಗೋ ಗದ್ದೆ) ಕಗ್ಗ ಭತ್ತ, ಮನೆ ಸುತ್ತ ತೆಂಗು, ಈರುಳ್ಳಿ, ಕೋಳಿ ಅಂತ ಇದೀನಿ. ಸೋದರಮಾವ ಹೆಣ್ಣು ನೋಡ್ತಿದಾರೆ, ಆದ್ರೆ ಬಯೋಡೇಟಾದಲ್ಲಿ "ಪ್ರೈವೇಟ್ ಕಂಪನಿ, ವರ್ಕ್ ಫ್ರಮ್ ಹೋಮ್" ಅಂತ ಹಾಕೋಣ, ಮದುವೆ ಆದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು ಅಂತಾರೆ. ಇಲ್ಲಾಂದ್ರೆ ಯಾರೂ ಹೆಣ್ಣು ಕೊಡಲ್ವಂತೆ. ಏನ್ಮಾಡ್ಲಿ?

ಉತ್ತರ: ತಮ್ಮಾ, ಬೇಡ. ಮಾವನಿಗೆ ಹೇಳು, ಮದುವೆ ಆಗಿ ಬಂದ ಹುಡುಗಿ ಮೊದಲನೇ ವಾರದಲ್ಲೇ ಲ್ಯಾಪ್‌ಟಾಪ್ ಎಲ್ಲಿ ಅಂತ ಕೇಳ್ತಾಳೆ, ಆಗ ಉತ್ತರ ಕೊಡೋಕೆ ಮಾವ ಬರಲ್ಲ.

ಕೃಷಿ ಮಾಡೋ ಹುಡುಗರಿಗೆ ಹೆಣ್ಣು ಸಿಗೋದು ಕಷ್ಟ ಆಗಿರೋದು ನಿಜ, ಇಡೀ ಜಿಲ್ಲೆಯ ಮಾತು ಅದು. ಹುಡುಗಿಯರನ್ನ ಬೈದು ಪ್ರಯೋಜನ ಇಲ್ಲ. ಅವರು ಕೇಳೋದು ಸಿಂಪಲ್ಲು: ಬಾತ್‌ರೂಮ್ ಒಳಗಿದ್ಯಾ ಹೊರಗಿದ್ಯಾ, ಅಡುಗೆಮನೇಲಿ ಒಬ್ಬಳೇ ಸಾಯ್ಬೇಕಾ, ನನ್ನ ಕೈಯಲ್ಲಿ ದುಡ್ಡು ಇರತ್ತಾ, ಕೆಲಸಕ್ಕೆ ಹೋಗ್ತೀನಿ ಅಂದ್ರೆ ಬಿಡ್ತೀರಾ. ಇದಕ್ಕೆ ನಿನ್ನ ಹತ್ರ ಒಳ್ಳೆ ಉತ್ತರ ಇದ್ರೆ ಬಯೋಡೇಟಾದಲ್ಲಿ "ಕೃಷಿಕ" ಅಂತ ದಪ್ಪ ಅಕ್ಷರದಲ್ಲಿ ಹಾಕು, ಇಲ್ಲಾಂದ್ರೆ ಮೊದಲು ಬಾತ್‌ರೂಮ್ ಕಟ್ಸು.

ಅಂದಹಾಗೆ ನೀನು ಮಾಡ್ತಿರೋದು ಸಣ್ಣ ಕೆಲಸ ಅಂತ ನೀನೇ ಅಂದ್ಕೋಬೇಡ. ಉಪ್ಪುನೀರು ನುಗ್ಗೋ ಅಘನಾಶಿನಿ ದಡದ ಗದ್ದೆಯಲ್ಲಿ ನಿಲ್ಲೋ ಭತ್ತ ಕಗ್ಗ, ನೆರೆ ಬಂದು ನಾಲ್ಕು ದಿನ ಮುಳುಗಿದ್ರೂ ಎದ್ದು ಬರತ್ತೆ, ಗೊಬ್ಬರ ಕೇಳಲ್ಲ. ತೆನೆ ಅಷ್ಟೇ ಕೊಯ್ದು ಹುಲ್ಲನ್ನ ಗದ್ದೆಯಲ್ಲೇ ಬಿಡೋದು, ಆಮೇಲೆ ಅದೇ ನೀರಲ್ಲಿ ಸೀಗಡಿ, ಮೀನು. ಮಾಣಿಕಟ್ಟಾ ಕಡೆ ಊರಿನವರೆಲ್ಲ ಸೇರಿ ಬಿತ್ತಿ ಸೇರಿ ಕೊಯ್ಯೋ ಪದ್ಧತಿ ಇತ್ತಲ್ಲ, ಒಬ್ಬೊಬ್ರೇ ಬಿಟ್ಟುಹೋದ್ರೆ ಉಪ್ಪುನೀರು ತಡೆಯೋ ಕಟ್ಟೆ ಒಡೆದು ಪಕ್ಕದವನ ಗದ್ದೆಗೂ ಉಪ್ಪು ಅನ್ನೋದು ಅದಕ್ಕೇ. ಹೆಣ್ಣು ನೋಡೋಕೆ ಹೋದಾಗ ಇದನ್ನ ಹೇಳು. ಕೇಳಿ ಆಕಳಿಸಿದ್ರೆ ಆ ಸಂಬಂಧ ಬೇಡ, ಇಬ್ಬರಿಗೂ ಒಳ್ಳೇದು.

ಪ್ರಶ್ನೆ: ಅಕ್ಕ, ನಾವು ಕಾರವಾರದಲ್ಲಿ ಇದೀವಿ, ಇಬ್ಬರಿಗೂ ರಿಟೈರ್‌ಮೆಂಟ್ ಹತ್ರ ಬಂತು. ಒಳಗಿನ ಕಡೆ ಎರಡೆಕರೆ ಜಮೀನು ತಗೊಂಡು ಹಸು, ತರಕಾರಿ ಅಂತ ಇರ್ಬೇಕು ಅಂತ ಆಸೆ. ನಮ್ಮ ಅಜ್ಜನ ಕಾಲದ ಜಮೀನು ಒಂದು ದೊಡ್ಡ ಯೋಜನೆಗೆ ಹೋಯ್ತು, ಈಗ ನಮ್ಮ ಹೆಸರಲ್ಲಿ ಪಹಣಿ ಏನೂ ಇಲ್ಲ. ಕೃಷಿಕರಲ್ಲದವರು ತಗೋಬಹುದಾ? ಅಣ್ಣ "ಮತ್ತೆ ಜಮೀನಿನ ಉಸಾಬರಿ ಯಾಕೆ, ಫ್ಲ್ಯಾಟ್ ತಗೊಳ್ಳಿ" ಅಂತ ಕೂಗಾಡ್ತಾನೆ.

ಉತ್ತರ: ತಗೋಬಹುದು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಮಾಡಿ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರೇ ಆಗಿರ್ಬೇಕು ಅಂತಿಲ್ಲ. ಆದ್ರೆ ಬ್ರೋಕರ್ ಮಾತು ಕೇಳಿ ಬೆಟ್ಟದ ಜಾಗಕ್ಕೂ ಸೇರಿಸಿ ದುಡ್ಡು ಕೊಡ್ಬೇಡಿ. ಸೊಪ್ಪಿನ ಬೆಟ್ಟ ಅರಣ್ಯ ಜಾಗ, ತೋಟದವರಿಗೆ ಸೊಪ್ಪು, ದರಕು ತರೋ ಹಕ್ಕು ಅಷ್ಟೇ, ಅಲ್ಲಿ ಮನೆ ಕಟ್ಟೋಕೆ ಬರಲ್ಲ. ಜಾಗವನ್ನ ಎರಡು ಸಲ ನೋಡಿ, ಏಪ್ರಿಲ್ ಕೊನೇಲಿ ಬಾವಿ ನೋಡೋಕೆ, ಜುಲೈಯಲ್ಲಿ ರಸ್ತೆ ನೋಡೋಕೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ, ಸಾವಿರ ಚದರಡಿ ಚಾವಣಿ ಮೇಲೆ ಬೀಳೋ ನೀರೇ ಎರಡೂವರೆ ಲಕ್ಷ ಲೀಟರ್ ದಾಟತ್ತೆ, ಆದ್ರೂ ಏಪ್ರಿಲಲ್ಲಿ ಟ್ಯಾಂಕರ್ ಕಾಯೋ ಊರುಗಳಿವೆ.

ಅಣ್ಣನ ಕೂಗಾಟ ಬೇರೆ ತರ ಕೇಳಿ. ಒಂದು ಸಲ ನೋಟೀಸು ಬಂದು ಮನೆ, ದೇವರ ಜಾಗ, ತೆಂಗಿನ ಮರ ಎಲ್ಲಾ ಬಿಟ್ಟು ಎದ್ದು ಬಂದ ಮನೆತನದವರಿಗೆ ಜಮೀನು ಅಂದ್ರೆ ಹೆದರಿಕೆ ಇರತ್ತೆ. ಫ್ಲ್ಯಾಟು ಜಮೀನು ಅಂತ ವಾದ ಮಾಡೋ ಬದಲು, ಜಾಗ ನೋಡೋಕೆ ಹೋಗುವಾಗ ಅವರನ್ನೂ ಕಾರಲ್ಲಿ ಕೂರಿಸ್ಕೊಂಡು ಹೋಗಿ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಇರೋಳು. ನನ್ನ ತಂಗಿ ಮಗ ಮತ್ತೆ ಅವನ ಹೆಂಡತಿ ಯಲ್ಲಾಪುರದ ಹತ್ರ ಕಾಡಲ್ಲಿ ಮನೆ ಮಾಡ್ಕೊಂಡಿದಾರೆ. ಜುಲೈಯಲ್ಲಿ ನಾವು ಎರಡು ದಿನಕ್ಕೆ ಅಂತ ಹೋಗಿದ್ವಿ. ಕರೆಂಟ್ ಇಲ್ಲ, ಮೊಮ್ಮಗನ ಕಾಲಿಗೆ ಉಂಬಳ (ಜಿಗಣೆ), ನಾನು ಶಾಂಪೂ ಹಚ್ಕೊಂಡಿದ್ದಕ್ಕೆ "ದೊಡ್ಡಮ್ಮಾ, ಆ ನೀರು ಬಾಳೆಗಿಡಕ್ಕೆ ಹೋಗತ್ತೆ" ಅಂತ ಪಾಠ, ಚಾ ಕೇಳಿದ್ರೆ ಮುರುಗಲು (ಕೋಕಂ) ಪಾನಕ ಕೊಟ್ರು. ನಾನು ಸಿಟ್ಟಲ್ಲಿ "ನಿಮ್ಮ ಈ ಭಿಕಾರಿ ಸಂಸಾರ ನಿಮಗೇ ಇರ್ಲಿ" ಅಂದುಬಿಟ್ಟೆ. ಅವತ್ತಿಂದ ಫೋನಿಲ್ಲ. ನನ್ನದು ತಪ್ಪಾ?

ಉತ್ತರ: ಭಿಕಾರಿ ಅಂದಿದ್ದು ತಪ್ಪು ದೊಡ್ಡಮ್ಮಾ, ಚಾ ಕೇಳಿದ್ದು ತಪ್ಪಲ್ಲ. ಮನೆಗೆ ಬಂದವರಿಗೆ ಅವರ ಅಭ್ಯಾಸದ ಚಾ ಕೊಡೋದಕ್ಕೆ ಯಾವ ತತ್ವವೂ ಅಡ್ಡ ಬರ್ಬಾರ್ದು. ಬೆಲ್ಲದ ಚಾ ಆದ್ರೂ ಕೊಡ್ಬೇಕಿತ್ತು. ಇದನ್ನ ಆ ಮಕ್ಕಳೂ ಓದ್ಲಿ ಅಂತ ಬರೀತಿದೀನಿ.

ಶಾಂಪೂ ವಿಷಯದಲ್ಲಿ ಅವರು ಸ್ವಲ್ಪ ಜಾಸ್ತಿ ಮಾಡಿದ್ರು ಅನ್ಸತ್ತೆ. ಎರಡು ದಿನದ ನೆಂಟರ ತಲೆಸ್ನಾನಕ್ಕೆ ಬಾಳೆಗಿಡ ಸಾಯಲ್ಲ, ಆ ನೀರಿಗೆ ಬ್ಲೀಚಿಂಗ್ ಪೌಡರು, ಟಾಯ್ಲೆಟ್ ಕ್ಲೀನರು ಹೋಗ್ದಂಗೆ ನೋಡ್ಕೊಂಡ್ರೆ ಸಾಕು. ಉಂಬಳ ಮಾತ್ರ ಅವರ ಕೈಲಿಲ್ಲ, ಜುಲೈಯಲ್ಲಿ ಯಲ್ಲಾಪುರದ ಕಾಡಿಗೆ ಹೋದ್ರೆ ಅವು ಬರೋದೇ, ಸುಣ್ಣ ಇಲ್ಲಾ ಉಪ್ಪು ತಾಗಿಸಿದ್ರೆ ಬಿಡ್ತವೆ. ಕರೆಂಟೂ ಅಷ್ಟೇ, ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ವಾರ ಆದ್ರೂ ಬರಲ್ಲ, ಮೋಡ ಇರೋವಾಗ ಸೋಲಾರೂ ಸರಿಯಾಗಿ ಚಾರ್ಜ್ ಆಗಲ್ಲ. ಹಳ್ಳ ಹತ್ರ ಇದ್ದೋರು ಸಣ್ಣ ಟರ್ಬೈನ್ ಇಟ್ಕೊಂಡು ಮನೆಗಾಗೋವಷ್ಟು ಕರೆಂಟ್ ಮಾಡ್ಕೋತಾರೆ, ಅದು ಎಲ್ಲರಿಗೂ ಆಗೋ ಮಾತಲ್ಲ. ನೀವು ಹೋಗಿದ್ದು ತಪ್ಪು ತಿಂಗಳಲ್ಲಿ ಅಷ್ಟೇ. ಜನವರಿ ಫೆಬ್ರವರಿಯಲ್ಲಿ ಹೋಗಿ, ಕಬ್ಬಿನ ಆಲೆಮನೆ ಟೈಮು, ಬಿಸಿ ಜೋನಿ (ನೀರು) ಬೆಲ್ಲ, ತೊಡದೇವು ಸಿಗತ್ತೆ, ಮೊಮ್ಮಗ ವಾಪಸ್ ಬರೋಕೆ ಒಪ್ಪಲ್ಲ.

ಫೋನ್ ನೀವೇ ಮಾಡಿ, ದೊಡ್ಡೋರು ನೀವು. ಸಂಜೆ ಏಳರ ಮೇಲೆ ಮಾಡಿ, ಅದಕ್ಕಿಂತ ಮುಂಚೆ ಹಾಲು ಕರೆಯೋದು, ಹಸುಗೆ ಹುಲ್ಲು ಹಾಕೋದು ಅಂತ ಇರ್ತಾರೆ. ಒಂದು ಸಲಕ್ಕೆ ಎತ್ಲಿಲ್ಲ ಅಂದ್ರೆ ಸಿಟ್ಟು ಅಂದ್ಕೋಬೇಡಿ, ಆ ಕಡೆ ನೆಟ್‌ವರ್ಕ್ ಸಿಗ್ಬೇಕಾದ್ರೆ ಮನೆ ಮುಂದಿನ ದಿಬ್ಬ ಹತ್ಬೇಕು. ಚಾಪುಡಿ ಒಂದು ಪೌಂಡು ತರ್ತೀನಿ ಅಂತ್ಲೂ ಹೇಳಿ.